ಮುದಿಯಪ್ಪನ ದೀಪ, ಹುಲಗಮ್ಮನ ಬಣ್ಣ

ಕುಷ್ಟಗಿಯಲ್ಲಿ ಇನ್ನೂ ಚಹಾದಂಗಡಿಗಳ ಒಲೆ ಹೊತ್ತುವ ಹೊತ್ತು. ಆಸ್ಪತ್ರೆಯೊಂದರ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಮುದಿಯಪ್ಪ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆಯುತ್ತಾರೆ. ಒಳಗೊಂದು ಉದ್ದನೆಯ ಕರಿ ಡಬ್ಬಿ. ಅದರ ಮುಖದ ತುಂಬ ಎರಡು ಸಾಲು ಚೌಕ ತೂತು, ಒಂದೊಂದಕ್ಕೂ ಒಂದು ನಂಬರು, ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ದೀಪ. ಆಸ್ಪತ್ರೆಯ ಅಷ್ಟೂ ಕಂಪ್ಯೂಟರುಗಳ ವೈರು ಬಂದು ಸೇರುವುದು ಇಲ್ಲಿಗೇ. ಡಬ್ಬಿಗೆ ಸ್ವಿಚ್ ಎನ್ನುತ್ತಾರೆ, ತೂತಿಗೆ ಪೋರ್ಟ್. ಮುದಿಯಪ್ಪ ಮಾತ್ರ ಡಬ್ಬಿಯ ಕಡೆ ನೋಡದೆ ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡುತ್ತಾರೆ.

ಹುಲಗಮ್ಮನ ಕಣ್ಣಿಗೆ ಕರಿ ಕನ್ನಡಕವಿದೆ. ಕೊಪ್ಪಳದಲ್ಲಿ ಪೊರೆ ತೆಗೆಸಿಕೊಂಡ ಮೇಲೆ ಅವರು ಕೆಲಸಕ್ಕೆ ಬಂದಿರುವುದು ಇವತ್ತೇ ಮೊದಲು. ಅವರು ಬಣ್ಣ ಸರಿಯಾಗಿ ಹೇಳಿದರೆ ಗಂಡನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಬ್ಬರೂ ಮನೆಯಲ್ಲಿ ಕೂರಬೇಕು. ಯಾಕೆಂದರೆ ಮುದಿಯಪ್ಪನ ಕಣ್ಣಿಗೆ ಹಸಿರೂ ಹಳದಿಯೂ ಒಂದೇ. ಹುಟ್ಟಿದಾಗಿನಿಂದ ಹಾಗೆ.

ಅದು ಗೊತ್ತಾದದ್ದು 1997ರಲ್ಲಿ, ಟೆಲಿಫೋನ್ ಕೇಬಲ್ಲಿಗೆ ನೆಲ ತೋಡುವ ಕೂಲಿಗೆ ಸೇರಿದಾಗ. ಹುಡುಗ ಚುರುಕಿದ್ದಾನೆ ಎಂದು ಮೇಸ್ತ್ರಿ ಬಣ್ಣದ ತಂತಿ ಜೋಡಿಸಲು ಕೂರಿಸಿದರು. "ಗೌಡ್ರಿಗೆ ಫೋನ್ ಬಂದ್ರ ಕಿರಾಣಿ ಅಂಗಡ್ಯಾಗ ಗಂಟಿ ಹೊಡೀತಿತ್ರಿ," ಎಂದು ಅವರು ಈಗ ನಗುತ್ತಾರೆ. ಆಗ ನಗು ಬಂದಿರಲಿಲ್ಲ. ಮೇಸ್ತ್ರಿ ಮತ್ತೆ ಕೈಗೆ ಸಲಿಕೆ ಕೊಟ್ಟರು.

ಹೊಸದಾಗಿ ಮದುವೆಯಾಗಿ ಬಂದಿದ್ದ ಹುಲಗಮ್ಮ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದರು. ಬಣ್ಣ ಹೊಂದಿಸುವುದೇ ಅವರ ಕಸುಬು. "ಗಂಡಗ ಬಣ್ಣ ತಿಳಿಯಂಗಿಲ್ಲಂದ್ರ ನನಗ ತಿಳಿತೈತಲ್ರಿ. ಮನ್ಯಾಗ ಒಬ್ಬರಿಗೆ ತಿಳಿದ್ರ ಸಾಕಲ್ಲ," ಎನ್ನುತ್ತಾರೆ. ಮೇಸ್ತ್ರಿಯ ಮುಂದೆ ಹೋಗಿ ಇದನ್ನೇ ಹೇಳಿದರಂತೆ. ಮೇಸ್ತ್ರಿ ನಕ್ಕು ಒಪ್ಪಿದರು. ಫೋನುಗಳ ಕಾಲ ಮುಗಿದು ಕಂಪ್ಯೂಟರುಗಳ ಕಾಲ ಬಂದರೂ ಜೋಡಿ ಹಾಗೇ ಉಳಿದಿದೆ. ಇವತ್ತು ಇಲ್ಲಿ, ನಾಳೆ ಯಲಬುರ್ಗಾ, ಕರೆ ಬಂದರೆ ತಾವರಗೇರಾ. ಒಂದೇ ಬೈಕು.

ಜೊತೆಗೆ ಬಂದ ನಾನು ದೀಪಗಳ ಅರ್ಥ ಕೇಳಿದರೆ ಮುದಿಯಪ್ಪ ಹುರುಪಾಗುತ್ತಾರೆ. "ಹಸರು ಮಿಣುಕ್ಕೋಂತ ಇದ್ರ ಮಾತು ನಡದೈತಿ ಅಂತ. ಸುಮ್ನ ಉರೀತಿದ್ರ ವೈರ್ ಕೂಡೇತಿ, ಮಾತಿಲ್ಲ. ಹಳದಿ ಅಂದ್ರ ಎತ್ತು ಗಾಡಿಗಿ ಕಟ್ಟೇತಿ, ಆದ್ರ ಕುಂಟತೈತಿ. ಆರಿತ್ತಂದ್ರ ಆ ತುದ್ಯಾಗ ಯಾರೂ ಇಲ್ಲ. ಎಲ್ಲಾ ಡಬ್ಬಿ ಹಿಂಗ ಇರಂಗಿಲ್ಲ ಮತ್ತ, ಒಂದೊಂದು ಕಂಪನಿದು ಒಂದೊಂದು ನಮೂನಿ." ವೈರು ಪರೀಕ್ಷಿಸುವ ಯಂತ್ರ ಇದೆಯಲ್ಲ ಎಂದೆ. "ಐತ್ರಿ. ಅದಕ್ಕೂ ಬಣ್ಣದ ದೀಪ ಇಟ್ಟಾರ ಪುಣ್ಯಾತ್ಮರು."

ಯಾವ ವೈರು ಯಾವ ಕೋಣೆಯದು ಎಂಬ ಕಾಗದದ ಚೀಟಿ ಈ ಸೆಕೆಗೆ ಸುರುಳಿಯಾಗಿ ಉದುರುತ್ತದೆ. ಅದಕ್ಕೇ ಹುಲಗಮ್ಮ ಕೌದಿಯ ಚೂರು ಹೊಲಿದು ಕಟ್ಟಿದ್ದಾರೆ. ಲ್ಯಾಬಿನ ವೈರಿಗೆ ಇಳಕಲ್ ಸೆರಗು, ಎಕ್ಸ್‌ರೇ ಕೋಣೆಯದಕ್ಕೆ ಒರಟು ಲುಂಗಿ. ಮುದಿಯಪ್ಪ ಬೆರಳಾಡಿಸಿ ಗುರುತು ಹಿಡಿಯುತ್ತಾರೆ. "ಮುದಿಯಪ್ಪಣ್ಣ ಒಬ್ಬರ ಬಂದ್ರ ನಮಗ ಅರ್ಧ ಮನಷಾ ಬಂದಂಗ್ರಿ," ಎನ್ನುತ್ತಾರೆ ಎಕ್ಸ್‌ರೇ ತೆಗೆಯುವ ದೀಪಿಕಾ.

ಈ ಜೋಡಿಯ ಕೆಲಸ ಕೆಟ್ಟದ್ದು ಕಳೆದ ಬೇಸಿಗೆಯಲ್ಲಿ. ತಾವರಗೇರಾದ ಶಾಲೆಯಲ್ಲಿ ಹುಲಗಮ್ಮ ಎಲ್ಲ ದೀಪವೂ ಹಳದಿ ಎಂದರು. ಮುದಿಯಪ್ಪ ಮರುಮಾತಿಲ್ಲದೆ ಒಂದೊಂದೇ ವೈರಿನ ತುದಿ ಕತ್ತರಿಸಿ ಹೊಸದು ಹಾಕುತ್ತ ಹೋದರು. ಸಂಜೆಯಾದರೂ ಹಳದಿ. ಕೊನೆಗೆ ರಂಜಿತಾ ಟೀಚರು ಬಂದು ನೋಡಿ, "ಎಲ್ಲಾ ಹಸರ ಅದಾವಲ್ರಿ," ಎಂದರು. ಕೆಟ್ಟಿದ್ದು ವೈರಲ್ಲ. ಹುಲಗಮ್ಮನ ಕಣ್ಣಿಗೆ ಪೊರೆ ಬಂದು ಲೋಕಕ್ಕೆಲ್ಲ ಹಳದಿ ಬಳಿದಿತ್ತು.

ಮನೆ ಮುಟ್ಟಿದ ಮೇಲೆ ಹುಲಗಮ್ಮ, "ಇನ್ನ ನಾ ಬರಂಗಿಲ್ರಿ. ನನ್ನಿಂದ ನಿಮ್ಮ ಹೆಸರು ಕೆಡ್ತು," ಎಂದು ಅತ್ತರು. ಮುದಿಯಪ್ಪ ಬೈಕಿನ ಕೀಲಿ ಗೂಡಿನಲ್ಲಿಟ್ಟು, "ನೀ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂತಾರ. ನನ್ನ ಕಣ್ಣಿಗಿಂತ ನಿಂದ ಈಗಲೂ ಛಲೋ ಐತಿ," ಎಂದರು. ಹಾಗೆ ಇಬ್ಬರೂ ಕೊಪ್ಪಳದ ಕಣ್ಣಿನ ಡಾಕ್ಟರ ಬಳಿ ಹೋದದ್ದು.

ಈಗ ಹುಲಗಮ್ಮ ಕರಿ ಕನ್ನಡಕ ತೆಗೆಯುತ್ತಾರೆ. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ದೀಪದ ಮೇಲೆ ಬೆರಳಾಡಿಸುತ್ತಾರೆ.

"ಮ್ಯಾಲಿನ ಸಾಲು ಎಲ್ಲಾ ಹಸರು. ಕೆಳಗ..." ಬೆರಳು ಒಂದು ಕಡೆ ನಿಲ್ಲುತ್ತದೆ. "ಇದೊಂದು ಹಳದಿ."

ಮುದಿಯಪ್ಪ ಆ ವೈರಿಗೆ ಕಟ್ಟಿದ ಬಟ್ಟೆಯ ಚೂರನ್ನು ಮುಟ್ಟಿ ನೋಡುತ್ತಾರೆ. ಒರಟು ಲುಂಗಿ. ಎಕ್ಸ್‌ರೇ ಕೋಣೆಗೆ ಹೋಗಿ, ಮೇಜಿನ ಕಾಲಿಗೆ ಸಿಕ್ಕು ಜಜ್ಜಿಹೋಗಿದ್ದ ತುದಿ ಕತ್ತರಿಸಿ ಹೊಸದು ಕೂಡಿಸಿ ಬರುತ್ತಾರೆ. "ಈಗ?"

"ಹಸರು."

ಅಷ್ಟರಲ್ಲಿ ದೀಪಿಕಾ ಬಾಗಿಲಿಗೆ ಬಂದು, ನಿನ್ನೆಯಿಂದ ತೆವಳುತ್ತಿದ್ದ ಎಕ್ಸ್‌ರೇ ಫೋಟೊ ಈಗ ಡಾಕ್ಟರ ಕಂಪ್ಯೂಟರಿಗೆ ಒಮ್ಮೆಲೇ ಹೋಯಿತೆಂದು ಹೇಳಿ ಹೋಗುತ್ತಾರೆ. ಮುದಿಯಪ್ಪ ಗೋಡೆಗೆ ಒರಗಿ ಕೂರುತ್ತಾರೆ. ಹುಲಗಮ್ಮ ಮಾತ್ರ ಇನ್ನೂ ಡಬ್ಬಿಯನ್ನೇ ನೋಡುತ್ತಿದ್ದಾರೆ.

"ಹಸರು ಇಷ್ಟು ಹಸರು ಇತ್ತೇನ್ರಿ? ನಾ ಇಷ್ಟು ದಿನ ನಿಮಗ ಮಾಸಿದ್ದ ಹಸರ ಹೇಳಿನಲ್ಲ."

ಮುದಿಯಪ್ಪ ಎದ್ದು ಪೆಟ್ಟಿಗೆಯ ಬಾಗಿಲು ಮೆಲ್ಲಗೆ ಹಾಕುತ್ತಾರೆ.

"ಹುಲಗಿ, ನಾ ಕಂಡ ಹಸರಂದ್ರ ನೀ ಹೇಳಿದ ಹಸರು ಒಂದ. ಅದು ಯಾವತ್ತೂ ಮಾಸಿಲ್ಲ."