ಚಂದ್ರಶಾ ಹೇಳದೆ ಬಿಟ್ಟ ತಿರುವು

ಚಂದ್ರಶಾ ಏನು ಕೆಲಸ ಮಾಡುತ್ತಾನೆ ಎಂದು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಜನ ಸ್ವಲ್ಪ ಹೊತ್ತು ಯೋಚಿಸಿ, ‘ಅಂವ ರೇಸ್ ಗಾಡ್ಯಾಗ ಕುಂದರ್ತಾನ್ರಿ’ ಎನ್ನುತ್ತಿದ್ದರು. ಹೊಡೆಯುವವನು ಬೇರೆ, ಇವನು ಬರೀ ಕೂಡುವವನು. ಅವನ ತಾಯಿ ಪುತಳಾಬಾಯಿಗಂತೂ ಇದು ಸಾಯುವತನಕ ತಲೆಗೆ ಹೋಗಲಿಲ್ಲ. ‘ಸ್ಟೇರಿಂಗ್ ಹಿಡಿಯಂಗಿಲ್ಲ, ಗೇರ್ ಹಾಕಂಗಿಲ್ಲ, ಕುಂತಿದ್ದಕ್ಕ ಪಗಾರ ಯಾರು ಕೊಡ್ತಾರಪ್ಪ’ ಎಂದು ಕೇಳುತ್ತಿದ್ದಳು. ‘ಹಾದಿ ಹೇಳ್ತೀನಿ ಯವ್ವ’ ಎಂದು ಮಗ ಹೇಳಿದರೆ, ‘ಹಾದಿ ಹೇಳಾಕ ಅಂವೇನು ಕುರುಡ ಇದ್ದಾನೇನು’ ಎಂದು ಇನ್ನೊಂದು ಪ್ರಶ್ನೆ.

ಆಕೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ರ‍್ಯಾಲಿ ಎಂಬ ಈ ಕಾರಿನ ಓಟದಲ್ಲಿ ಗಾಡಿ ಹೊಡೆಯುವವನು ಒಂದು ಲೆಕ್ಕಕ್ಕೆ ಕುರುಡನೇ. ಕಚ್ಚಾ ರಸ್ತೆಯಲ್ಲಿ ತಾಸಿಗೆ ನೂರು ಕಿಲೋಮೀಟರಿನಂತೆ ಓಡುವಾಗ ತಿರುವು ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅದಕ್ಕೇ ಪಕ್ಕದ ಸೀಟಿನವನು, ಅಂದರೆ ನ್ಯಾವಿಗೇಟರ್, ಹತ್ತು ದಿನ ಮೊದಲೇ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ ಒಂದೊಂದು ತಿರುವನ್ನೂ ವಹಿಯಲ್ಲಿ ಬರೆದುಕೊಂಡು ಬಂದು, ಓಟದ ದಿನ ಅದನ್ನು ಓದಿ ಹೇಳುತ್ತ ಹೋಗಬೇಕು. ಅವನು ಎಡ ಎಂದರೆ ಡ್ರೈವರ್ ಎಡಕ್ಕೆ ತಿರುಗಿಸುತ್ತಾನೆ, ರಸ್ತೆ ಕಾಣಲಿ ಬಿಡಲಿ. ಅವನು ಸುಮ್ಮನಿದ್ದರೆ ರಸ್ತೆ ನೆಟ್ಟಗಿದೆ ಎಂದು ತಿಳಿಯುತ್ತಾನೆ.

ಚಂದ್ರಶಾ ಈ ಕಸುಬಿಗೆ ಬಿದ್ದದ್ದು ಪಿಯುಸಿಯಲ್ಲಿ ಎರಡು ಸಲ ಡುಮುಕಿ ಹೊಡೆದದ್ದರಿಂದ. ಎಂಬತ್ತರಲ್ಲಿ ಓದಲೆಂದು ಕಲಬುರಗಿಗೆ ಬಂದು ಶಹಾಬಜಾರದ ಒಂದು ಓಣಿಯಲ್ಲಿ ಖೋಲಿ ಹಿಡಿದಿದ್ದ. ಎದುರಿಗೇ ಲಾಲ್ ಅಹ್ಮದನ ಗ್ಯಾರೇಜು. ಲಾಲ್ ಅಹ್ಮದನ ಮಗ ಶಫಿ ಇವನದೇ ವಯಸ್ಸಿನವನು, ಅಕ್ಷರದ ಸಂಗ ಕಡಿಮೆ, ಗಾಡಿಯ ಸಂಗ ಹೆಚ್ಚು. ಪುಸ್ತಕ ತೆರೆದು ಕೂತವನ ಕಣ್ಣು ದಿನವೂ ಎದುರಿನ ಗ್ಯಾರೇಜಿಗೆ ಹೋದರೆ ಪಾಸಾಗುವುದು ಹೇಗೆ? ಒಮ್ಮೆ ಹೈದರಾಬಾದಿನ ರ‍್ಯಾಲಿ ಗಾಡಿಯೊಂದು ಊರ ಹೊರಗೆ ಕೆಟ್ಟು ನಿಂತಿತು. ಶಫಿ ಅರ್ಧ ದಿನದಲ್ಲಿ ಅದರ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸಿ ಕೊಟ್ಟ. ಅವರು ಹೋಗುವಾಗ ‘ರ‍್ಯಾಲಿಗೆ ನೀನೂ ಬಾ’ ಎಂದು ಹೇಳಿಹೋದರು. ಉಪಚಾರಕ್ಕೆ ಹೇಳಿದ್ದು ಇರಬೇಕು. ಇವರಿಬ್ಬರೂ ಖರೇ ಎಂದು ತಿಳಿದು ಎಂಬತ್ತೈದರಲ್ಲಿ ಒಂದು ಹಳೇ ಫಿಯಾಟ್ ತೆಗೆದುಕೊಂಡು ಹೋಗಿಯೇ ಬಿಟ್ಟರು.

ಬೆಂಗಳೂರು, ಮದ್ರಾಸಿನ ನ್ಯಾವಿಗೇಟರುಗಳ ಗಾಡಿಯಲ್ಲಿ ಗಜಗಜ ಲೆಕ್ಕ ಇಡುವ ಪರದೇಶದ ಮೀಟರು ಇರುತ್ತಿತ್ತು. ಇವರ ಫಿಯಾಟಿನ ಮೀಟರು ಮನಸ್ಸು ಬಂದರೆ ತಿರುಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಚಂದ್ರಶಾ ದೂರ ಬರೆಯುವುದು ಬಿಟ್ಟು ಹೊಲ ಬರೆದ. ‘ಕಡ್ಲಿ ಹೊಲ ದಾಟಿ ಬಲಕ್ಕ. ಬೇವಿನ ಗಿಡ, ಬದು, ಎಡಕ್ಕ ಸಣ್ಣದು.’ ಬಾಳೆ ತೋಟದವನ ಮಗ, ಯಾವ ಪೈರು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂಬುದು ಅವನ ಕಣ್ಣಿಗೆ ತಾನಾಗಿ ಬೀಳುತ್ತಿತ್ತು. ಅವನು ಕಿರುಚುವುದು, ಶಫಿ ತಿರುಗಿಸುವುದು. ಮೊದಲ ವರ್ಷ ಎಲ್ಲರೂ ನಕ್ಕರು. ಮೂರನೆಯ ವರ್ಷಕ್ಕೆ ನಗು ನಿಂತು, ಮದ್ರಾಸಿನ ಟೈರ್ ಕಂಪನಿಯೊಂದರ ಮ್ಯಾನೇಜರ್ ಕರೆದು ಮಾತಾಡಿಸಿದ. ಎಂಬತ್ತೊಂಬತ್ತರ ಜನವರಿಯ ಹೈದರಾಬಾದ್ ರ‍್ಯಾಲಿಯಲ್ಲಿ ಮೊದಲ ಮೂವರೊಳಗೆ ಬಂದರೆ ಇಬ್ಬರಿಗೂ ಕಂಪನಿಯ ಗಾಡಿ, ತಿಂಗಳ ಪಗಾರ.

ಡಿಸೆಂಬರ್ ಕೊನೆಯಲ್ಲಿ ಇಬ್ಬರೂ ದಾರಿ ನೋಡಿ ಬಂದರು. ಕರ್ನೂಲ್ ಕಡೆ ಒಂದು ಹಾದಿಯ ಎರಡೂ ಬದಿಗೆ ಆಳೆತ್ತರದ ತೊಗರಿ. ತೊಗರಿ ಮುಗಿದ ಜಾಗದಲ್ಲಿ ರಸ್ತೆ ಸಟಕ್ಕನೆ ಎಡಕ್ಕೆ ಹೊರಳಿ ಮೋರಿಯೊಂದನ್ನು ದಾಟುತ್ತಿತ್ತು. ‘ತೊಗರಿ ಮುಗೀತು, ಎಡಕ್ಕ ಪೂರಾ, ಮೋರಿ’ ಎಂದು ಚಂದ್ರಶಾ ಬರೆದುಕೊಂಡ. ಕಾಯಿ ಬಲಿತು ಒಣಗಿದ್ದು ಅವನ ಕಣ್ಣಿಗೆ ಕಾಣದೆ ಇರಲಿಲ್ಲ. ಆದರೆ ಎಳ್ಳಮಾವಾಸ್ಯೆ ಇನ್ನೂ ಮುಂದಿತ್ತು, ಓಟ ಮುಗಿದ ಮೇಲೆ ಬರುತ್ತಿತ್ತು. ಆ ದಿನ ಹೊಲಕ್ಕೆ ಬುತ್ತಿ ಒಯ್ದು, ನಿಂತ ಪೈರಿಗೆ ಅದನ್ನೇ ಚರಗವಾಗಿ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆಯೇ ಕುಡುಗೋಲು ಮುಟ್ಟುವುದು ಅವನ ಮನೆತನದ ಪದ್ಧತಿ. ಜಗತ್ತಿನ ತೊಗರಿಯೆಲ್ಲ ಪುತಳಾಬಾಯಿಯ ಚರಗಕ್ಕೆ ಕಾಯುತ್ತ ನಿಂತಿರುತ್ತದೆ ಎಂದು ಈ ಮಹರಾಯ ತಿಳಿದ. ಕರ್ನೂಲಿನ ರೈತನಿಗೆ ಆ ಹಂಗಿರಲಿಲ್ಲ. ಬಲಿತಿತ್ತು, ಕೊಯ್ದುಕೊಂಡ.

ಓಟದ ದಿನ ಚಂದ್ರಶಾ ವಹಿಯಿಂದ ತಲೆ ಎತ್ತಿದಾಗ ಎರಡೂ ಬದಿಗೆ ಬಟ್ಟಬಯಲು. ತೊಗರಿ ಇನ್ನೂ ಬಂದಿಲ್ಲವೋ, ಹಿಂದೆಯೇ ಮುಗಿಯಿತೋ? ಕೂಳೆ ಕಣ್ಣಿಗೆ ಬಿತ್ತು, ಕೊಯ್ದಿದ್ದಾರೆ ಎಂದು ಅರ್ಥವೂ ಆಯಿತು, ಬಾಯಿ ಮಾತ್ರ ತೆರೆಯಲಿಲ್ಲ. ಎರಡು ಸೆಕೆಂಡು ಇರಬಹುದು. ಇವನು ಸುಮ್ಮನಿದ್ದಾನೆ, ಅಂದಮೇಲೆ ರಸ್ತೆ ನೆಟ್ಟಗಿದೆ ಎಂದು ಶಫಿ ಪೂರಾ ಒತ್ತಿದ. ಗಾಡಿ ಮೋರಿಯ ಗೋಡೆಗೆ ಬಡಿದು ಒಣ ಕಾಲುವೆಯೊಳಗೆ ಮಗುಚಿ ಬಿತ್ತು.

ಚಂದ್ರಶಾನಿಗೆ ಹೆಗಲ ಎಲುಬು ಮುರಿಯಿತು. ಶಫಿಯ ಎಡಗಾಲಿಗೆ ಕಬ್ಬಿಣದ ಸಲಾಕೆ ಹಾಕಿದರು, ತಲೆಗೆ ಪೆಟ್ಟಾಗಿ ಎರಡು ದಿನ ಎಚ್ಚರ ಇರಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಹೈದರಾಬಾದಿನ ಆಸ್ಪತ್ರೆಗೆ ಬಂದು ಒಂದೇ ಪ್ರಶ್ನೆ ಕೇಳಿದ. ತಿರುವು ಹೇಳಿದ್ದೆಯೋ ಇಲ್ಲವೋ?

‘ಹೇಳಿದ್ದೆ ಸಾರ್.’

ಯಾಕೆ ಹಾಗೆಂದ ಎಂದು ಅವನೇ ಎಷ್ಟೋ ವರ್ಷ ತನ್ನನ್ನು ಕೇಳಿಕೊಂಡಿದ್ದಾನೆ. ಹೆದರಿಕೆ, ಮತ್ತೇನು. ತಿರುವು ಹೇಳದ ನ್ಯಾವಿಗೇಟರ್ ಎಂದರೆ ಕೈ ನಡುಗುವ ಹಜಾಮನಿದ್ದ ಹಾಗೆ, ಯಾರೂ ಅವನ ಮುಂದೆ ಕುತ್ತಿಗೆ ಕೊಡುವುದಿಲ್ಲ. ಅಂದು ಮಧ್ಯಾಹ್ನವೇ ವಹಿಯಲ್ಲಿ ತೊಗರಿಯ ಗುರುತು ಬರೆದಿದ್ದ ಆ ಹಾಳೆ ಹರಿದು, ರಕ್ತದ ಪಟ್ಟಿಗಳನ್ನು ಎಸೆಯುವ ಡಬ್ಬಿಗೆ ಹಾಕಿದ.

ಶಫಿಗೆ ಎಚ್ಚರ ಬಂದಾಗ ಆ ಬೆಳಗಿನ ಚಹಾದ ನಂತರ ನಡೆದದ್ದು ಯಾವುದೂ ನೆನಪಿರಲಿಲ್ಲ. ನಡೆದದ್ದನ್ನು ಮ್ಯಾನೇಜರೇ ಅವನಿಗೆ ತಿಳಿಸಿದ. ಶಫಿ ಚಂದ್ರಶಾನ ಕೈ ಹಿಡಿದುಕೊಂಡು, ‘ನೀ ಹೇಳಿದ್ದಿ, ನನಗ ಕೇಳಿಸಲಿಲ್ಲ ಯಾರ್. ನಿನ್ನನ್ನೂ ಕೊಲ್ತಿದ್ದೆ. ಮಾಫ್ ಮಾಡು’ ಎಂದ.

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಚಂದ್ರಶಾ, ‘ಇರಲಿ ಬಿಡು’ ಎಂದ. ತಪ್ಪು ಮಾಡಿದವನು ದೊಡ್ಡ ಮನಸ್ಸು ಮಾಡಿ ಮಾಫಿ ಕೊಟ್ಟ. ಈ ಕಥೆ ಹೇಳುವಾಗ ನನಗೆ ಅವನ ಮೇಲೆ ಸಿಟ್ಟು ಬರುವುದು ಆ ಸುಳ್ಳಿಗಲ್ಲ, ಈ ಎರಡು ಮಾತಿಗೆ.

ಕಂಪನಿ ಚಂದ್ರಶಾನನ್ನು ತೆಗೆದುಕೊಂಡಿತು. ಹನ್ನೆರಡು ವರ್ಷ ನಾಲ್ವರು ಡ್ರೈವರುಗಳ ಪಕ್ಕದಲ್ಲಿ ಕೂತ. ಕೊಯಮತ್ತೂರು, ನಾಸಿಕ್, ಪುಣೆ. ಗೆದ್ದ ಕಪ್‌ಗಳು ಬಂದವು. ಬಹುಮಾನ ಕೊಡುವಾಗ ಡ್ರೈವರಿನ ಹೆಸರು ಮಾತ್ರ ಸರಿಯಾಗಿ ಕೂಗುತ್ತಿದ್ದರು, ಇವನು ಒಮ್ಮೆ ಚಂದ್ರಶೇಖರ್, ಒಮ್ಮೆ ಚಂದ್ರದಾಸ್. ವಹಿಯಲ್ಲಿ ಮತ್ತೆಂದೂ ಹೊಲದ ಹೆಸರು ಬರೆಯಲಿಲ್ಲ. ಎಲ್ಲ ಮೀಟರಿನ ಲೆಕ್ಕ, ಎರಡೆರಡು ಸಲ ಅಳೆದದ್ದು. ಇವನಷ್ಟು ನಂಬಿಗಸ್ತ ನ್ಯಾವಿಗೇಟರ್ ಇಲ್ಲ ಎಂದು ಹೆಸರಾಯಿತು. ಯಾರಾದರೂ ಹಾಗೆ ಹೊಗಳಿದರೆ ಅವನು ಅಲ್ಲಿಂದ ಎದ್ದು ಹೋಗುತ್ತಿದ್ದ.

ಶಫಿ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಕಾಲಿನ ದೆಸೆಯಿಂದಲ್ಲ, ಕಾಲು ಕುಂಟುತ್ತಿದ್ದರೂ ಕ್ಲಚ್ ಒತ್ತುವಷ್ಟು ನೆಟ್ಟಗಾಗಿತ್ತು. ಅವನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಹೋಗಿತ್ತು. ಪಕ್ಕದಲ್ಲಿ ಕೂತು ಕಿರುಚಿದ್ದೇ ಕೇಳಿಸದಿದ್ದವನಿಗೆ ಹಿಂದಿನ ಹಾರ್ನ್ ಕೇಳಿಸೀತೇ? ಕಿವಿ ಡಾಕ್ಟರ ಹತ್ತಿರ ಮೂರು ಸಲ ಹೋದ, ಮೂರು ಸಲವೂ ಕಿವಿ ಚೆನ್ನಾಗಿವೆ ಎಂದರು. ‘ಅವರಿಗೇನು ಗೊತ್ತು, ಅವರು ಗಾಡ್ಯಾಗ ಇದ್ರೇನು’ ಎಂದ. ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ರಿಪೇರಿಯಾದದ್ದನ್ನು ಓಡಿಸಿ ನೋಡುವುದಕ್ಕೆ ಬೇರೆಯವರನ್ನು ಕರೆಯುತ್ತಿದ್ದ.

ಚಂದ್ರಶಾ ಊರಿಗೆ ಬಂದಾಗಲೆಲ್ಲ ಅವನ ಮನೆಗೆ ಹೋಗುತ್ತಿದ್ದ. ಈ ಸಲ ಹೇಳಿಬಿಡಬೇಕು ಎಂದುಕೊಂಡೇ ಹೋಗುವುದು, ಮುಂದಿನ ಸಲ ಎಂದುಕೊಂಡು ಬರುವುದು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಎಂದವನು ಒಬ್ಬ, ಹಾಳಾದ ಮನೆ ಇನ್ನೊಬ್ಬನದು. ಎರಡು ಸಾವಿರದ ಒಂದರಲ್ಲಿ ಕಂಪನಿ ರ‍್ಯಾಲಿ ಬಿಟ್ಟಿತು. ಚಂದ್ರಶಾನ ಕಣ್ಣಿಗೂ ಚಾಳೀಸು ಬಂದಿತ್ತು, ಕುಲುಕುವ ಗಾಡಿಯಲ್ಲಿ ಅಕ್ಷರ ನಿಲ್ಲುತ್ತಿರಲಿಲ್ಲ. ಕಮಲಾಪುರಕ್ಕೆ ಮರಳಿ ಅಪ್ಪ ಬಿಟ್ಟುಹೋದ ಕೆಂಪು ಬಾಳೆಯ ತೋಟಕ್ಕೆ ನೀರು ಹಾಯಿಸಲು ನಿಂತ.

ಎರಡು ವರ್ಷದ ಮೇಲೆ, ಒಂದು ಸಂತೆಯ ದಿನ, ಶಫಿಯ ಹೆಂಡತಿ ಹಾಜಿರಾ ಕಲಬುರಗಿಯಿಂದ ಬಸ್ಸಿನಲ್ಲಿ ಬಂದು ತೋಟಕ್ಕೇ ಹುಡುಕಿಕೊಂಡು ನಡೆದಳು. ಗ್ಯಾರೇಜು ಮುಚ್ಚುವ ಹಂತಕ್ಕೆ ಬಂದಿತ್ತು, ಹೊಸ ಗಾಡಿಗಳೆಲ್ಲ ಶೋರೂಮಿಗೆ ಹೋಗುತ್ತಿದ್ದವು. ಐವಾನ್-ಎ-ಶಾಹಿ ಕಡೆಯ ಟ್ರಾವೆಲ್ಸಿನವರೊಬ್ಬರು ಶಫಿಯ ಹಳೆಯ ಹೆಸರು ಕೇಳಿ, ಡ್ರೈವರ್ ಕೆಲಸ ಕೊಡುತ್ತೇವೆ ಎಂದಿದ್ದರು. ‘ಒಲ್ಲೆ ಅಂತ ಕುಂತಾರ್ರಿ ಭಾಯಿ. ನನ್ನ ಕಿವಿ ಸರಿ ಇಲ್ಲ, ಯಾರದರ ಜೀವ ತೆಗೀತೀನಿ ಅಂತಾರ. ಶುಕ್ರವಾರತನಕ ಟೈಮ್ ಕೊಟ್ಟಾರ. ನಿಮ್ಮ ಮಾತೊಂದೇ ಕೇಳ್ತಾರ ಅವರು’ ಎಂದಳು.

ಮರುದಿನವೇ ಚಂದ್ರಶಾ ಹೋದ. ಶಫಿ ಗ್ಯಾರೇಜಿನಲ್ಲಿ ಕಾರ್ಬೊರೇಟರ್ ತೊಳೆಯುತ್ತ ಕೂತಿದ್ದ. ಹಾಜಿರಾ ಹಿಂದಿನ ಬಾಗಿಲಲ್ಲಿ ನಿಂತಿದ್ದಳು.

‘ಶಫಿ, ಅವತ್ತ ನಾ ಹೇಳಲೇ ಇಲ್ಲ’ ಎಂದ ಚಂದ್ರಶಾ. ‘ತೊಗರಿ ಕೊಯ್ದಿದ್ರು, ನನಗ ಜಾಗಾನೇ ತಿಳೀಲಿಲ್ಲ. ಬಾಯಿ ತೆಗೀಲಿಲ್ಲ ನಾ. ನಿನ್ನ ಕಿವಿಗಿ ಏನೂ ಆಗಿಲ್ಲ. ಮ್ಯಾನೇಜರಗ ಸುಳ್ಳ ಹೇಳಿದೆ, ನಿನಗೂ ಹೇಳಿದೆ.’

ಶಫಿ ಅವನ ಮುಖವನ್ನೇ ನೋಡಿ, ‘ಹಾಜಿರಾ ಕಮಲಾಪುರಕ್ಕ ಬಂದಿದ್ಳು ಹೌದಿಲ್ಲೋ’ ಎಂದು ಕೇಳಿದ.

‘ಬಂದಿದ್ರು. ಅದಕ್ಕಲ್ಲ. ಇದು ಖರೇ.’

‘ಖರೇ ಇದ್ರ ವಹಿ ತೋರಿಸು.’

‘ಆ ಹಾಳಿ ಹರದು ಒಗದೀನಿ.’

ಶಫಿ ನಕ್ಕ. ನಗುತ್ತಲೇ ಅವನ ಕಣ್ಣು ಒದ್ದೆಯಾದವು. ‘ನಿನಗ ಸುಳ್ಳ ಹೇಳಾಕೂ ಬರಂಗಿಲ್ಲ ಯಾರ್. ನನ್ನ ನೌಕರಿ ಸಲುವಾಗಿ ನಿನ್ನ ಇಜ್ಜತ್ ಕಳಕೋತಿ ಏನು?’

‘ಶರಣಬಸಪ್ಪನ ಆಣಿ ಶಫಿ’ ಎಂದು ಚಂದ್ರಶಾ ಶುರು ಮಾಡುವಷ್ಟರಲ್ಲಿ ಪೆಟ್ರೋಲಿನ ಕೈಯಿಂದಲೇ ಶಫಿ ಅವನ ಬಾಯಿ ಮುಚ್ಚಿದ. ‘ಸುಳ್ಳ ಆಣಿ ಮಾಡಬ್ಯಾಡ, ಪಾಪ ಹತ್ತತದ’ ಎಂದ. ಆಮೇಲೆ ಹಿಂದಿನ ಬಾಗಿಲ ಕಡೆ ತಿರುಗಿ, ‘ಹಾಜಿರಾ, ಚಾ ಮಾಡು. ಶಕ್ಕರಿ ಜಾಸ್ತಿ ಹಾಕು. ಇಂಥ ದೋಸ್ತ ಯಾರಿಗಿ ಸಿಗ್ತಾನ’ ಎಂದ.

ಚಂದ್ರಶಾ ಚಹಾ ಕುಡಿದ. ಇನ್ನೆರಡು ಸಲ ಹೇಳಿ ನೋಡಿದ, ಶಫಿ ಬೇರೆ ಮಾತು ತೆಗೆದ. ಹೊರಟಾಗ ಹಾಜಿರಾ ಓಣಿಯ ತಿರುವಿನವರೆಗೂ ಹಿಂದೆ ಬಂದಳು.

‘ಭಾಯಿ, ನೀವು ಹೇಳಿದ್ದು ಖರೇ ಅದ ಏನ್ರಿ?’

‘ಖರೇ ಅದ್ರಿ.’

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಗ್ಯಾರೇಜಿನ ಕಡೆ ತಿರುಗಿ ನೋಡಿದಳು. ಬೈಯಲಿ, ಉಗುಳಲಿ ಎಂದು ಚಂದ್ರಶಾ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

‘ಅವರಿಗಿ ಇನ್ನೊಮ್ಮೆ ಹೇಳಬ್ಯಾಡ್ರಿ’ ಎಂದಳು ಹಾಜಿರಾ. ‘ಒಂದ್ ವ್ಯಾಳ್ಯಾ ನಂಬಿದ್ರ ಉಳಿಯಂಗಿಲ್ಲ ಅವರು. ಗಾಡಿ ಹೋತು, ಗ್ಯಾರೇಜ್ ಹೊಂಟದ, ನೀವು ದೋಸ್ತ ಅನ್ನೋದೊಂದೇ ಉಳದದ. ನಮ್ಮ ಮನಿಗಿ ಬರೋದು ಬಿಡಬ್ಯಾಡ್ರಿ. ಬಿಟ್ರ ಯಾಕಂತ ಕೇಳ್ತಾರ.’

ಶುಕ್ರವಾರ ಕಳೆಯಿತು. ಆ ನೌಕರಿ ಹಿಂದಿನ ಓಣಿಯ ಮಕ್ಸೂದನಿಗೆ ಹೋಯಿತು. ಚಂದ್ರಶಾ ಈಗಲೂ ವಾರಕ್ಕೊಮ್ಮೆ ಒಂದು ಬಾಳೆಗೊನೆ ಹಿಡಿದುಕೊಂಡು ಶಹಾಬಜಾರಕ್ಕೆ ಹೋಗುತ್ತಾನೆ. ಹೇಗೋ ಉಳಿದುಕೊಂಡ ಗ್ಯಾರೇಜಿನಲ್ಲಿ ಒಬ್ಬಿಬ್ಬರು ಗಿರಾಕಿಗಳಿದ್ದರೆ ಸಾಕು, ಶಫಿ ಕೈ ಒರೆಸಿಕೊಂಡು ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕುತ್ತಾನೆ. ‘ಇಂವ ಹೇಳಿದ್ದ, ನಾ ಕೇಳಲಿಲ್ಲ. ಅಷ್ಟಾದ್ರೂ ನನ್ನ ನೌಕರಿ ಸಲುವಾಗಿ ತಪ್ಪು ತನ್ನದು ಅಂತ ಹೇಳಾಕ ಬಂದಿದ್ದ ನೋಡ್ರಿ’ ಎನ್ನುತ್ತಾನೆ. ಗಿರಾಕಿಗಳು ಚಂದ್ರಶಾನ ಕಡೆ ತಿರುಗಿ ಕೈ ಮುಗಿಯುತ್ತಾರೆ. ಅವನೂ ತಿರುಗಿ ಕೈ ಮುಗಿಯುತ್ತಾನೆ.