ಲೈಲ್ ಸಮಾಧಿಗೆ ಬೇರೆ ಯುದ್ಧದ ಬಿಲ್ಲೆ

ಅರ್ಡಿತ್ ಕ್ರಾಮರ್ ನಮ್ಮೂರ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದವಳು. ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲಿನ ಊರಿನಲ್ಲಿ ಅವಳ ಕೈಯ ಕೋಳಿ ನೂಡಲ್ಸ್ ತಿನ್ನದೆ ದೊಡ್ಡವರಾದವರಿಲ್ಲ. ಅವಳ ಒಬ್ಬನೇ ಮಗ ಲೈಲ್ ಸೈನ್ಯ ಸೇರಿದ. 1983ರ ಅಕ್ಟೋಬರಿನಲ್ಲಿ ಅಮೆರಿಕದ ಪಡೆ ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪಕ್ಕೆ ನುಗ್ಗಿದಾಗ, ಅಲ್ಲಿ ಇಳಿದ ದಿನವೇ ಗುಂಡೇಟಿಗೆ ಸತ್ತ. ಕೆಲವೇ ದಿನಗಳಲ್ಲಿ ಕಾಳಗ ಮುಗಿಯಿತು. ಊರಿನವರ ದುಃಖ ಅದಕ್ಕಿಂತ ಬೇಗ ಮುಗಿಯಿತು.

ಮೇ ತಿಂಗಳ ಕೊನೆಯ ಸೋಮವಾರ ಸತ್ತ ಸೈನಿಕರ ದಿನ. ಅದಕ್ಕೆ ಮುಂಚೆ ಮಾಜಿ ಸೈನಿಕರ ಸಮಿತಿಯವರು ಪ್ರತಿ ಸೈನಿಕನ ಸಮಾಧಿಯ ಪಕ್ಕ ಕಂಚಿನ ಬಿಲ್ಲೆಯ ಕಂಬಿ ನೆಟ್ಟು ಬಾವುಟ ಸಿಕ್ಕಿಸುತ್ತಾರೆ. ಒಂದೊಂದು ಯುದ್ಧಕ್ಕೆ ಒಂದೊಂದು ಬಿಲ್ಲೆ. ಗ್ರೆನಡಾದ ಬಿಲ್ಲೆ ಅವರ ಪೆಟ್ಟಿಗೆಯಲ್ಲಿರಲಿಲ್ಲ. ತರಿಸುವ ಗೋಜಿಗೆ ಹೋಗದೆ ವಿಯೆಟ್ನಾಮಿನದನ್ನೇ ಲೈಲ್‌ಗೆ ನೆಟ್ಟರು.

ಅರ್ಡಿತ್ ಅದನ್ನು ಕಿತ್ತುಕೊಂಡು ಸಮಿತಿಯ ಅಧ್ಯಕ್ಷ ಮರ್ಲ್ ಜಿಗ್ಲರನ ಹಳೇ ಕಾರಿನ ಅಂಗಡಿಗೆ ಹೋದಳು. ಇಬ್ಬರೂ ಒಂದೇ ಕ್ಲಾಸಿನಲ್ಲಿ ಓದಿದವರು. ಈ ಮರ್ಲ್ ಸೈನ್ಯದಲ್ಲಿದ್ದಷ್ಟು ಕಾಲವೂ ದೇಶದೊಳಗೇ, ಕಾನ್ಸಸ್‌ನ ಉಗ್ರಾಣದಲ್ಲಿ ಕಂಬಳಿ ಎಣಿಸಿದವನು. ಪದಕ ಚುಚ್ಚಿದ ಟೊಪ್ಪಿಯನ್ನು ಊಟಕ್ಕೂ ತೆಗೆಯದವನು.

"ಇದು ಯಾರದ್ದೋ ಮರ್ಲ್?"

"ನಿನ್ನ ಮಗಂದೇ ಕಣೆ. ಯಾಕೆ, ಕಿಲುಬು ಹಿಡಿದಿತ್ತಾ?"

"ವಿಯೆಟ್ನಾಂ ಮುಗಿದಾಗ ಅವನು ಆರನೇ ಕ್ಲಾಸು. ನನ್ನ ಅಡುಗೆಮನೇಲಿ ಚಾಕೊಲೇಟ್ ಹಾಲು ಕದ್ದು ಕುಡೀತಿದ್ದ."

"ದೂರದಿಂದ ಎಲ್ಲಾ ಒಂದೇ ಥರ ಕಾಣುತ್ತೆ ಬಿಡು. ಬಾವುಟ ನಿಂತ್ರಾಯ್ತಲ್ಲ? ಅಲ್ದೆ, ಅದೇನು ಯುದ್ಧಾನಾ? ನಾಲ್ಕು ದಿನದ ಗಲಾಟೆ."

"ನನ್ನ ಮಗ ನಾಲ್ಕು ದಿನದ ಮಟ್ಟಿಗೆ ಸತ್ತಿಲ್ವಲ್ಲೋ."

ಮರ್ಲ್ ಫೋನ್ ಬಂದವನಂತೆ ಒಳಗೆ ಹೋದ. ಮರುವರ್ಷವೂ ಅದೇ ಬಿಲ್ಲೆ. ಅವಳು ಕೀಳುವುದು, ಇವರು ನೆಡುವುದು, ಹೀಗೆಯೇ ವರ್ಷಗಳು ಕಳೆದವು.

ಲೈಲ್ ಸತ್ತು ಇಪ್ಪತ್ತೈದು ವರ್ಷವಾಗುವ ಹೊತ್ತಿಗೆ ಮರ್ಲ್‌ಗೆ ಇದ್ದಕ್ಕಿದ್ದಂತೆ ಅವನ ನೆನಪಾಯಿತು. ಆ ವರ್ಷದ ಸೈನಿಕರ ದಿನಕ್ಕೆ ಚುನಾವಣೆಗೆ ನಿಂತವನೊಬ್ಬ ಭಾಷಣಕ್ಕೆ ಬರುವವನಿದ್ದ; ಅವನ ಪಕ್ಕ ಕೂರಿಸಲು ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಬೇಕಿತ್ತು.

"ತೆರೆದ ಕಾರು ಕಣೆ ಅರ್ಡಿತ್. ಮೆರವಣಿಗೇಲಿ ಮುಂದೆ ನೀನೇ."

"ಕಾರು ನೀನೇ ಇಟ್ಕೋ, ಹೆಂಗೂ ಮಾರಾಟ ಆಗಿಲ್ಲ. ಸ್ಮಶಾನದಲ್ಲಿ ಸತ್ತವರ ಹೆಸರು ಓದೋವಾಗ ಲೈಲ್ ಸತ್ತ ಜಾಗದ ಹೆಸರು ಹೇಳ್ತೀಯಾ?"

"ದೇವರಾಣೆ ಹೇಳ್ತೀನಿ."

ಅವಳು ಒಪ್ಪಿದಳು.

ಅಂದು ಸ್ಮಶಾನದಲ್ಲಿ ಅಭ್ಯರ್ಥಿ ತ್ಯಾಗ ಎಂದು ಶುರುಮಾಡಿ ತೆರಿಗೆಯ ಮೇಲೆ ಮುಗಿಸಿದ. ಮರ್ಲ್ ಯುದ್ಧವಾರು ಹೆಸರು ಓದಿದ. ವಿಯೆಟ್ನಾಮಿನ ಸಾಲಿನ ಕೊನೆಯಲ್ಲಿ "ಲೈಲ್ ಕ್ರಾಮರ್" ಎಂದು ಹೇಳಿ ಹಾಳೆ ಮಡಚಿದ. ಗೌರವದ ಗುಂಡು ಹಾರಿಸಲು ಏಳು ಜನ ಮುದುಕರು ಕೋವಿ ಎತ್ತಿದರು.

ಅರ್ಡಿತ್ ಕುರ್ಚಿಯಿಂದೆದ್ದು ನೇರ ಕೋವಿಗಳ ಎದುರಿಗೆ ಹೋಗಿ ನಿಂತಳು.

"ಅಯ್ಯೋ, ಪಕ್ಕಕ್ಕೆ ಬಾ!" ಮರ್ಲ್ ಮೈಕಿನಲ್ಲೇ ಕಿರುಚಿದ.

"ಮತ್ತೆ ಓದು."

"ಆಮೇಲೆ ಸರಿಮಾಡೋಣ. ದೊಡ್ಡವರು ಬಂದಿದ್ದಾರೆ..."

"ಅವರೂ ಕೇಳಿಸ್ಕೊಳ್ಳಲಿ. ಓದು."

ಮುದುಕರು ಒಬ್ಬರ ಮುಖ ಒಬ್ಬರು ನೋಡಿ ಕೋವಿ ಇಳಿಸಿದರು. ಅಭ್ಯರ್ಥಿ ತನ್ನ ಕೈಗಡಿಯಾರ ನೋಡಿದ. ಅದನ್ನು ಕಂಡದ್ದೇ ಮರ್ಲ್‌ಗೆ ಎಲ್ಲಿಲ್ಲದ ಅವಸರ ಬಂತು.

"ಲೈಲ್ ಕ್ರಾಮರ್. ಗ್ರೆನಡಾ."

ಅಭ್ಯರ್ಥಿ ಚಪ್ಪಾಳೆ ತಟ್ಟಿದ. ಅವನು ತಟ್ಟಿದನೆಂದು ನಮ್ಮೂರ ಜನವೂ ತಟ್ಟಿದರು. ಅರ್ಡಿತ್ ಅವರತ್ತ ತಿರುಗಿಯೂ ನೋಡದೆ, ಸದ್ದು ಅಡಗುವವರೆಗೆ ನಿಂತು, ಪಕ್ಕಕ್ಕೆ ಸರಿದಳು.

"ಈಗ ಹಾರಿಸಿ," ಎಂದಳು.