ಸೀಟಿ ಊದಿದರೂ ನಿಲ್ಲದ ಕೈ

ಶಕುನ, ಅತೀಂದ್ರಿಯ ಎಂದು ಯಾರಾದರೂ ಬಾಯಿ ತೆರೆದರೆ ‘ಸುಮ್ನಿರ್ರೀ, ಕಾಗಕ್ಕ ಗುಬ್ಬಕ್ಕನ ಕಥೆ’ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದವಳು ನಾನು. ನಿಮಗೂ ಹಾಗೇ ಅನ್ನಿಸಿದರೆ ತಪ್ಪು ತಿಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಕ್ಕನನ್ನು ನೋಡಲು ಮೈಸೂರಿನಿಂದ ಮಲೇಷ್ಯಾದ ಪುಚೊಂಗ್‌ಗೆ ಹೋಗಿದ್ದೆ. ಭಾವ ಡಾಕ್ಟರು, ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಪ್ರತಿ ಶುಕ್ರವಾರ ಸಂಜೆ ಅಲ್ಲಿಂದ ಕಾರು ಓಡಿಸಿಕೊಂಡು ನೇರ ಸಾಂಬಾ ತಂಡದ ತಾಲೀಮಿಗೆ ಬರುವ ಹುಚ್ಚು ಅವರಿಗೆ. ಬ್ರೆಜಿಲ್‌ನ ಆ ಕುಣಿತಕ್ಕೆ ದೊಡ್ಡ ಡೋಲು ಬಾರಿಸುತ್ತಿದ್ದರು. ‘ನೀನೂ ಬಾ’ ಎಂದು ಕರೆದಿದ್ದರು. ಅಕ್ಕನೂ ನಾನೂ ಮೊದಲೇ ಹೋಗಿ ಕೂತೆವು.

ಅಂಗಡಿಗಳ ಮೇಲಿನ ಹಾಲ್‌ನಲ್ಲಿ ಅಷ್ಟೂ ಡೋಲುಗಳು ಮೊಳಗಿದಾಗ ಎದೆ ನಡುಗಿತು. ಸಂಗೀತ ಕಲಿತವಳ ಚಾಳಿ, ನನ್ನ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಭಾವ ಮಾತ್ರ ಬಂದಿರಲಿಲ್ಲ. ಫೋನೂ ಎತ್ತುತ್ತಿರಲಿಲ್ಲ.

ತಂಡದ ನಾಯಕಿ ಸೀಟಿ ಊದಿದಳು. ಡೋಲುಗಳೆಲ್ಲ ಒಮ್ಮೆಲೇ ನಿಂತವು. ನನ್ನ ಕೈ ನಿಲ್ಲಲಿಲ್ಲ.

ಮೊದಲು ನಗು ಬಂತು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಬೆರಳುಗಳು ಮೇಲೆದ್ದು, ಅಂಗೈಯ ಬುಡ ಮಾತ್ರ ಜೋರಾಗಿ ಒತ್ತುತ್ತಿತ್ತು. ನಾನು ಕಲಿತ ಯಾವ ತಾಳವೂ ಅದಲ್ಲ. ಎಡಗೈಯಿಂದ ಅದುಮಿ ಹಿಡಿಯಲು ಹೋದರೆ ಅದೂ ಜೊತೆಗೆ ಸೇರಿಕೊಂಡಿತು!

‘ಏಯ್, ಸಾಕು ಮಾಡೇ! ಅವ್ರು ಫೋನ್ ಎತ್ತದೆ ನಂಗಿಲ್ಲಿ ಜೀವ ಹೋಗ್ತಿದೆ, ಇವ್ಳದ್ದೊಂದು ತಾಳ!’ ಎಂದು ಅಕ್ಕ ರೇಗಿದಳು.

‘ನಾನು ಹಾಕ್ತಿಲ್ಲ ಕಣೇ ಅಕ್ಕ’ ಎಂದೆ. ಅವಳು ನನ್ನ ಮುಖ ನೋಡಿ, ಮತ್ತೆ ಭಾವನಿಗೆ ಫೋನ್ ಹಚ್ಚಿದಳು.

ಭಾವನಿಗೇನೋ ಆಗಿಹೋಗಿದೆ ಎಂದು ನನಗೆ ಖಾತ್ರಿಯಾಗಿತ್ತು. ಅದನ್ನು ಅಕ್ಕನಿಗೆ ಹೇಳುವ ಧೈರ್ಯವಿರಲಿಲ್ಲ. ಡೋಲುಗಳು ಮತ್ತೆ ಶುರುವಾದ ಮೇಲೆ, ನಡುವೆ ಎಲ್ಲೋ, ಕೈಗಳು ಥಟ್ಟನೆ ನಿಂತವು.

ಎಷ್ಟೋ ಹೊತ್ತಿನ ಮೇಲೆ ಭಾವ ಬಂದರು. ಅಂಗಿ ಪೂರ್ತಿ ಮಣ್ಣು. ‘ಹೈವೇಲಿ ಒಬ್ರು ಬೈಕಿಂದ ಬಿದ್ದಿದ್ರು. ಉಸಿರೇ ಇರ್ಲಿಲ್ಲ. ಎದೆ ಒತ್ತುತ್ತಾ ಕೂತ್ಬಿಟ್ಟೆ, ಫೋನ್ ಕಾರಲ್ಲಿತ್ತು’ ಎಂದರು. ಆಮೇಲೆ ಮೆಲ್ಲಗೆ, ‘ಉಳಿಸಕ್ಕಾಗ್ಲಿಲ್ಲ’ ಎಂದರು. ಅಕ್ಕ ಅವರ ತೋಳು ಹಿಡಿದು ಅತ್ತಳು.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಕೈಯ ಸಂಗತಿ ಹೇಳಿದೆ. ‘ಮಸಲ್ ಕ್ಯಾಚ್ ಆಗಿರತ್ತೆ, ಅಷ್ಟೇ ಲಾ’ ಎಂದು ಭಾವ ಅಲ್ಲಿನವರ ಧಾಟಿಯಲ್ಲೇ ನಕ್ಕರು. ‘ಹೇಗೆ ಒತ್ತುತ್ತಿತ್ತು, ತೋರ್ಸು.’

ಒಂದು ಅಂಗೈ ಮೇಲೆ ಇನ್ನೊಂದಿಟ್ಟು ಮೇಜಿನ ಮೇಲೆ ತೋರಿಸಿದೆ. ಅವರ ನಗು ಮಾಯವಾಯಿತು.

‘ಅದು ನಿಂತಾಗ ನಿಂಗೇನನ್ನಿಸ್ತು?’

‘ಅಬ್ಬಾ, ಬದುಕಿದೆ ಅನ್ನಿಸ್ತು ಭಾವ.’

ಅವರು ನನ್ನ ಕೈಗಳನ್ನು ಮೇಜಿನಿಂದ ಮೆಲ್ಲಗೆ ಸರಿಸಿ, ‘ನಾನು ಒತ್ತೋದು ನಿಲ್ಲಿಸಿದಾಗ ಅವ್ರು ಹೋಗ್ಬಿಟ್ಟಿದ್ರು’ ಎಂದರು. ಅದು ಏನು, ಹೇಗೆ, ನನ್ನ ಕೈಗೇ ಯಾಕೆ, ನನಗೆ ಇಂದಿಗೂ ಗೊತ್ತಿಲ್ಲ. ಆ ಮನುಷ್ಯನ ಹೆಸರೂ ಗೊತ್ತಿಲ್ಲ.